ಆರು ರವಿವಾರಗಳ ಟೂಲು

ಕನ್ಯಾ ನೋಡಲು ಹೋದ ಮನೆಯಲ್ಲಿ ಪ್ರಶ್ನೆ ಕೇಳುವ ಅಧಿಕಾರ ಹುಡುಗನ ಕಡೆಯವರದು. ಎಷ್ಟು ಕಲಿತಿದ್ದಾಳೆ, ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ, ಇವಿಷ್ಟನ್ನು ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ಕಾರಕೂನರಾಗಿದ್ದ ನನ್ನ ಸೋದರಮಾವ ಕೇಳಿ ಮುಗಿಸಿದ್ದರು. ಕುಡಚಿ ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ಆ ಮನೆ. ಮುಂದೆ ಲೇತ್ ಅಂಗಡಿ, ಹಿಂದೆ ವಾಸ. ಶಿರಾ, ಅವಲಕ್ಕಿ ಆಗಿ ಚಹಾ ಬಂದಿತ್ತು. ಇನ್ನು ಏಳೋಣ ಎನ್ನುವಷ್ಟರಲ್ಲಿ ಹುಡುಗಿಯೇ ತಲೆ ಎತ್ತಿ ನನ್ನನ್ನು ಕೇಳಿದಳು.

"ಟೂಲ್ ನೀವ ಸಾಣಿ ಹಿಡೀತೀರೇನ್ರಿ, ಇಲ್ಲಾ ಯಾರರೆ ಹಿಡದ ಕೊಡ್ತಾರ?"

ಲೇತ್ ಎಂದರೆ ಕಬ್ಬಿಣವನ್ನು ಗರಗರ ತಿರುಗಿಸುವ ಯಂತ್ರ. ತಿರುಗುವ ಆ ಕಬ್ಬಿಣವನ್ನು ಹೆರೆದು ಆಕಾರಕ್ಕೆ ತರುವುದು ಟೂಲು, ಬೆರಳುದ್ದದ ಒಂದು ಚೌಕ ಉಕ್ಕಿನ ತುಂಡು. ಅದರ ತುದಿಯನ್ನು ಗ್ರೈಂಡರಿನ ಚಕ್ರಕ್ಕೆ ಹಿಡಿದು ಮೂರು ಕಡೆ ಇಳಿಜಾರು ಮಾಡಬೇಕು, ಆಮೇಲೆ ಎಣ್ಣೆಗಲ್ಲಿನ ಮೇಲೆ ಮಸೆಯಬೇಕು. ನಾನು ಚಿಕ್ಕೋಡಿಯ ಒಂದು ಖಾಸಗಿ ಐಟಿಐಯಲ್ಲಿ ಇದನ್ನೇ ಕಲಿಸುವ ಮಾಸ್ತರ. ಮೂರು ಇಳಿಜಾರಿಗೆ ಮೂರು ಬಣ್ಣದ ಚಾಕ್‌ಪೀಸು ಬಳಸಿ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಟೂಲಿನ ಚಿತ್ರವನ್ನು ಒರೆಸಲು ಪ್ರಿನ್ಸಿಪಾಲರಿಗೂ ಮನಸ್ಸಾಗುತ್ತಿರಲಿಲ್ಲ. ಆದರೆ ನಿಜವಾದ ಟೂಲಿಗೆ ಸಾಣೆ ಹಿಡಿಯುತ್ತಿದ್ದವರು ನಮ್ಮ ವರ್ಕ್‌ಶಾಪಿನ ಮುದುಕ ಅಟೆಂಡರು. ನಾನು ಗ್ರೈಂಡರಿನ ಹತ್ತಿರ ಹೋಗುತ್ತಿದ್ದುದು ಅದರ ಮೇಲಿನ ಸ್ವಿಚ್ಚು ಆರಿಸಲು ಮಾತ್ರ. ಪುಸ್ತಕದ ಬದನೆಕಾಯಿ ಅನ್ನುತ್ತಾರಲ್ಲ, ಅಂಥ ಬದನೆಕಾಯಿಗಳ ದೊಡ್ಡ ತೋಟವೇ ನನ್ನದಾಗಿತ್ತು.

"ನಾನ ಹಿಡೀತೀನ್ರಿ" ಎಂದೆ.

ಹುಡುಗಿಯ ಅಪ್ಪ, ಆ ಲೇತ್ ಅಂಗಡಿಯ ಮಿಸ್ತ್ರಿ, ತಮ್ಮ ಕುರ್ಚಿಯನ್ನು ಮುಂದೆ ಎಳೆದುಕೊಂಡು, ನನ್ನ ಎಡಗೈ ಹಿಡಿದು, ಹೆಬ್ಬೆರಳ ಉಗುರನ್ನು ತಮ್ಮ ಬೆರಳಿನಿಂದ ನಿಧಾನವಾಗಿ ಸವರಿದರು. ನಾನು ಇದು ಪ್ರೀತಿ ಎಂದುಕೊಂಡೆ. ಲೇತ್ ಮಿಸ್ತ್ರಿಗಳು ಟೂಲಿನ ಅಲಗನ್ನು ಪರೀಕ್ಷಿಸುವುದು ಎಡಗೈ ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಇಟ್ಟು. ಹರಿತವಿದ್ದರೆ ಅದು ಉಗುರಿಗೆ ಕಚ್ಚಿ ನಿಲ್ಲುತ್ತದೆ, ಮೊಂಡಾಗಿದ್ದರೆ ಜಾರುತ್ತದೆ. ಹೀಗಾಗಿ ಅವರ ಆ ಉಗುರಿನ ಮೇಲೆ ಸದಾ ಗೀರುಗಳಿರುತ್ತವೆ. ಇದೂ ನನಗೆ ಪುಸ್ತಕದಿಂದ ಗೊತ್ತಿತ್ತು. ನನ್ನ ಉಗುರು ಮಾತ್ರ ಹಸುಗೂಸಿನ ಉಗುರಿನ ಹಾಗೆ ನುಣ್ಣಗಿತ್ತು. ಅವರು ಕೈ ಬಿಟ್ಟು, ಇನ್ನೊಮ್ಮೆ ಬರ್ರಿ ಎಂದು ಹೇಳಿ ಕಳಿಸಿದರು.

ಬಸ್ಸಿನಲ್ಲಿ ಸೋದರಮಾವನಿಗೆ ಉಗುರಿನ ವಿಷಯ ತಿಳಿಸಿದೆ. ಆ ಹುಡುಗಿಯೇ ಬೇಕು ಎಂದೂ ತಿಳಿಸಿದೆ. ಅವಳು ಆ ಪ್ರಶ್ನೆ ಕೇಳಿದ ಗಳಿಗೆಯಲ್ಲೇ ನಾನು ಕೆಟ್ಟಿದ್ದೆ. ಅಲ್ಲಿಯವರೆಗೆ ನೋಡಿದ ಎಂಟು ಮನೆಗಳಲ್ಲಿ ಯಾರೂ ನನ್ನ ಕೆಲಸದ ಬಗ್ಗೆ, ಅದು ಖಾಯಂ ಹೌದೋ ಅಲ್ಲವೋ ಎನ್ನುವುದು ಬಿಟ್ಟು ಬೇರೇನೂ ಕೇಳಿದ್ದಿಲ್ಲ. ಮಾವ ಸ್ವಲ್ಪ ಹೊತ್ತು ಅಡಿಕೆ ಅಗಿದು, ಗೀರು ತಾನೇ, ಅದಕ್ಕೇನು ದೊಡ್ಡ ಮಾತು ಎಂದರು.

ಮುಂದಿನ ವಾರ ಹೋಗುವ ಮುನ್ನ ಮಾವನೇ ಎದುರು ಕೂತು, ಗರಗಸದ ಬ್ಲೇಡಿನಿಂದ ನನ್ನ ಹೆಬ್ಬೆರಳ ಉಗುರಿನ ಮೇಲೆ ಹತ್ತಾರು ಗೀರು ಎಳೆದುಕೊಟ್ಟರು. ವಖಾರಿಯಲ್ಲಿ ಗೆರೆ ಎಳೆದು ರೂಢಿಯಾದ ಕೈ. ಗೀರುಗಳೆಲ್ಲ ಬುಡದಿಂದ ತುದಿಯವರೆಗೆ ನೆಟ್ಟಗೆ, ಒಂದೇ ಅಂತರದಲ್ಲಿ ಬಂದವು. ಕುಡಚಿಯ ಮಿಸ್ತ್ರಿ ಮತ್ತೆ ನನ್ನ ಕೈ ಹಿಡಿದು ಉಗುರು ಸವರಿದರು. ಸವರುತ್ತ ಸವರುತ್ತ ಅವರ ಹೊಟ್ಟೆ ಕುಣಿಯತೊಡಗಿತು. ಆಮೇಲೆ ಕೆಮ್ಮು ಬರುವವರೆಗೆ ನಕ್ಕರು.

"ಮಾಸ್ತರ್ರ, ಟೂಲ್ ಉಗರಿನ ಮ್ಯಾಲೆ ಅಡ್ಡ ಇಟ್ಟ ನೋಡ್ತಾರ್ರಿ. ಉಗರಾ ಉದ್ದಕ ಕೊಯ್ಯೂದಿಲ್ಲ."

ಅಡುಗೆಮನೆಯ ಬಾಗಿಲ ಮರೆಯಿಂದ ಬಳೆಗಳ ಸದ್ದೂ ಒಂದು ನಗೆಯೂ ಕೇಳಿದವು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೋದರಮಾವ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವಾಗ ಎಂದು ಹುಡುಕತೊಡಗಿದರು. ಮಿಸ್ತ್ರಿಗೆ ಸಿಟ್ಟು ಬಂದಿರಲಿಲ್ಲ, ಅದೇ ದೊಡ್ಡದು. ಅವರು ಕಣ್ಣೊರೆಸಿಕೊಂಡು ಒಂದು ಷರತ್ತು ಹೇಳಿದರು. ರವಿವಾರಕ್ಕೊಂದು ಟೂಲು ನಾನೇ ಸಾಣೆ ಹಿಡಿದು, ಮಸೆದು ತರಬೇಕು. ಯಾವ ದಿನ ನನ್ನ ಟೂಲು ಅವರ ಲೇತಿನ ಮೇಲೆ ತಿರುಗುವ ಕಬ್ಬಿಣದ ಶಾಫ್ಟಿಗೆ ಒಂದು ಚಲೋ ಕಟ್ ಕೊಡುತ್ತದೋ ಆ ದಿನ ಮದುವೆ ನಿಶ್ಚಯಿಸಿ ಯಾದಿ ಬರೆಯುವುದು.

ಹೊರಗೆ ಬಂದ ಮೇಲೆ ಮಾವನ ಸಿಟ್ಟು ನೆತ್ತಿಗೇರಿತು. ಕಾಗವಾಡದಲ್ಲಿ ದ್ರಾಕ್ಷಿ ತೋಟದವರ ಮನೆಯ ಒಂದು ಹುಡುಗಿ ಇದ್ದಾಳೆ, ಅವರು ಬೇಕಾದರೆ ಉಗುರಿಲ್ಲದವನಿಗೂ ಕೊಡುತ್ತಾರೆ ಎಂದರು. ನಾನು ಒಲ್ಲೆ ಎಂದೆ. ಹುಚ್ಚು ಬಿಡೋತನಕ ಮದುವೆಯಾಗುವುದಿಲ್ಲ, ಮದುವೆಯಾಗೋತನಕ ಹುಚ್ಚು ಬಿಡುವುದಿಲ್ಲ ಎಂದು ಅವರು ಗಾದೆ ಒಗೆದು ನಿಪ್ಪಾಣಿ ಬಸ್ಸು ಹತ್ತಿದರು.

ಐಟಿಐಯ ಅಟೆಂಡರ ಮುಂದೆ ನಾನು ಕೈಕಟ್ಟಿ ನಿಂತೆ. ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಎರಡು ವರ್ಷ ನನ್ನ ಬಣ್ಣದ ಚಾಕ್‌ಪೀಸಿನ ಪುಡಿ ಗುಡಿಸಿದವರು ಅವರು. ಮೊದಲ ಟೂಲನ್ನು ಚಕ್ರಕ್ಕೆ ತಾಗಿಸಿದೊಡನೆ ಕಿಡಿ ಹಾರಿ ನಾನು ಹಿಂದೆ ಹಾರಿದೆ. ಅವರು ಏನೂ ಕಲಿಸಲಿಲ್ಲ. ಅಂಜಬ್ಯಾಡ್ರಿ ಸರ್, ಅದು ಕಿಡಿ, ನಾಗರಹಾವಲ್ಲ ಎಂದಷ್ಟೇ ಹೇಳಿ ಚಹಾಕ್ಕೆ ಹೋದರು.

ಮೊದಲ ರವಿವಾರ ಮಿಸ್ತ್ರಿ ನನ್ನ ಟೂಲನ್ನು ಅಂಗೈಯಲ್ಲಿ ತೂಗಿ, ಬೆಳಕಿಗೆ ಹಿಡಿದು ನೋಡಿಕೊಂಡು ಬರುತ್ತೇನೆಂದು ಒಳಗೆ ಹೋದರು. ಒಳಗೆ ಅಂಗಡಿಗಿಂತ ಹೆಚ್ಚು ಕತ್ತಲೆ. ಬಯಲ ಬಿಸಿಲು ಬಿಟ್ಟು ಅಡುಗೆಮನೆಯ ಕತ್ತಲೆಗೆ ಯಾಕೆ ಹೋಗುತ್ತಾರೆ ಎಂದು ಇಷ್ಟು ಕಲಿತ ನಾನು ಒಂದು ಸಲವೂ ಯೋಚಿಸಲಿಲ್ಲ. ಎರಡು ನಿಮಿಷಕ್ಕೆ ಹೊರಗೆ ಬಂದು ತೀರ್ಪು ಕೊಟ್ಟರು: ಅಲಗಿನ ಕೆಳಗೆ ಇಳಿಜಾರೇ ಇಲ್ಲ, ಇದು ಕೊಯ್ಯುವುದಿಲ್ಲ, ತಿಕ್ಕುತ್ತದೆ. ಖಾತ್ರಿಗೆಂದು ಲೇತಿಗೆ ಹಾಕಿಯೂ ತೋರಿಸಿದರು. ಶಾಫ್ಟು ಎಂಥ ಕಿರುಚು ಕಿರುಚಿತೆಂದರೆ ಎದುರಿನ ಪಾನ್ ಅಂಗಡಿಯವನು ಗಿರಾಕಿಯನ್ನು ಬಿಟ್ಟು ಎದ್ದು ಬಂದು, ಯಾರಿಗೆ ಏನಾಯಿತು ಎಂದು ಕೇಳಿದ.

ಎರಡನೆಯ ವಾರ ಅಲಗು ನೀಲಿಯಾಗಿತ್ತು. ನಡುನಡುವೆ ನೀರಿಗೆ ಅದ್ದದೆ ಒತ್ತಿ ಹಿಡಿದರೆ ಹಾಗಾಗುತ್ತದೆ. ಸುಮ್ಮನೆ ತಪ್ಪೊಪ್ಪಿಕೊಳ್ಳುವ ಸ್ವಭಾವ ನನ್ನದಲ್ಲ. ಈ ಜಾತಿಯ ಉಕ್ಕು ಕೆಂಪಗೆ ಕಾಯುವವರೆಗೂ ಗಟ್ಟಿತನ ಬಿಡುವುದಿಲ್ಲ, ನೀಲಿಯಾದರೆ ಬಾಧಕವಿಲ್ಲ ಎಂದು ಪುಸ್ತಕದ ಪುಟ ಸಮೇತ ವಾದಿಸಿದೆ. ಮಿಸ್ತ್ರಿ ಪೂರ್ತಿ ಕೇಳಿಕೊಂಡರು. ಹೌದ್ರಿ, ಹಂಗಾರ ಪುಸ್ತಕಾನ ಲೇತಿಗೆ ಕಟ್ಟೂಣು ಎಂದರು. ಮೂರನೆಯ ವಾರ ಆ ಸಿಟ್ಟಿಗೆ ಸೂಜಿಯಷ್ಟು ಚೂಪು ಮಾಡಿ ಒಯ್ದೆ. ತಾಗಿದ ಮರುಕ್ಷಣ ತುದಿ ಮುರಿದು ಹಾರಿ, ಗೋಡೆಯ ಮೇಲಿದ್ದ ಅವರ ತಂದೆಯ ಫೋಟೋದ ಗಾಜಿಗೆ ಬಡಿಯಿತು. ಗಾಜು ಒಡೆಯಲಿಲ್ಲ. ನನ್ನ ಪುಣ್ಯವೋ ಹಿರಿಯರ ಪುಣ್ಯವೋ ಗೊತ್ತಿಲ್ಲ.

ನಾಲ್ಕನೆಯ ರವಿವಾರದ್ದು ಬಸ್ಸಿನ ಕಥೆ. ಟೂಲನ್ನು ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡು ಹೋಗುವುದು ನನ್ನ ರೂಢಿ. ರಾಯಬಾಗದಲ್ಲಿ ಹತ್ತಿದ ದಿಗ್ಗೇವಾಡಿಯ ಒಬ್ಬ ಅಜ್ಜಿ ಜೋಳದ ಚೀಲವನ್ನು ನನ್ನ ತೊಡೆಗೆ ಒತ್ತಿಟ್ಟು ಪಕ್ಕದಲ್ಲಿ ಕೂತರು. ಬಸ್ಸು ಒಂದು ತಗ್ಗಿನಲ್ಲಿ ಹಾರಿದಾಗ ಪರ್ ಎಂದು ಸದ್ದಾಯಿತು. ನೋಡಿದರೆ ಟೂಲು ಮೊದಲು ನನ್ನ ಕಿಸೆಯನ್ನು, ಆಮೇಲೆ ಅಜ್ಜಿಯ ಚೀಲವನ್ನು ಸೀಳಿತ್ತು. ಜೋಳ ಬಸ್ಸಿನ ಉದ್ದಕ್ಕೂ ಹರಿಯತೊಡಗಿತು. ಕಂಡಕ್ಟರ್ ಮರಾಠಿಯಲ್ಲಿ ಬೈದ, ಅಜ್ಜಿ ಕನ್ನಡದಲ್ಲಿ ಬೈದರು. ನಾನು ಸೀಟಿನ ಕೆಳಗೆ ಮೊಣಕಾಲೂರಿ ಜೋಳ ಬಳಿಯುತ್ತ ಹಲ್ಲು ಕಿರಿಯುತ್ತಿದ್ದೆ. ಹರಿತವಾಗಿದೆ ಎನ್ನುವ ಸಂತೋಷ ತಡೆಯಲಾಗಲಿಲ್ಲ.

"ಏ ತಮ್ಮಾ, ಚೀಲಾ ಹರದ ಮ್ಯಾಲೆ ನಗತೀಯಲ್ಲೋ, ನಿನಗೇನ ದೆವ್ವ ಬಡದೈತೇನ?" ಎಂದರು ಅಜ್ಜಿ.

ಕುಡಚಿಯಲ್ಲಿ ಈ ವಿಜಯದ ವೃತ್ತಾಂತವನ್ನು ಮಿಸ್ತ್ರಿಗೆ ಹೇಳಿದೆ. ಅವರು ಟೂಲು ತೆಗೆದುಕೊಂಡು ಒಳಗೆ ಹೋದರು, ಬಂದರು. ಚೀಲ ಕೊಯ್ಯಲು ಮೊನೆ ಸಾಕು, ಕಬ್ಬಿಣ ಕೊಯ್ಯಬೇಕಾದರೆ ಮೊನೆಗೆ ಹಿಂದಿನಿಂದ ಬೆನ್ನು ಬೇಕು, ಇದಕ್ಕೆ ಬೆನ್ನಿಲ್ಲ ಎಂದರು. ಆ ಮಾತು ನನ್ನ ಬಗ್ಗೆ ಆಡಿದ್ದೋ ಟೂಲಿನ ಬಗ್ಗೆ ಆಡಿದ್ದೋ ಎಂದು ಬಸ್ಸಿನಲ್ಲಿ ಚಿಕ್ಕೋಡಿ ಬರುವವರೆಗೆ ಯೋಚಿಸಿದೆ. ಅವತ್ತು ಹುಡುಗಿ ಚಹಾ ಕೊಡುವಾಗ ನನ್ನ ಹರಿದ ಕಿಸೆ ನೋಡಿ, ಮುಂದಿನ ಸಲ ಟೂಲನ್ನು ಅರಿವೆಯಲ್ಲಿ ಸುತ್ತಿ ತರ್ರಿ ಎಂದಳು. ಮುಂದಿನ ಸಲ ಎಂದಳಲ್ಲ, ಅಷ್ಟಕ್ಕೇ ನನ್ನ ಆ ವಾರ ಚೆನ್ನಾಗಿ ಹೋಯಿತು. ಅವಳ ತೋರುಬೆರಳ ಅಂಚಿಗೆ ಒಂದು ಕಪ್ಪು ಗೆರೆ ಇತ್ತು. ರೊಟ್ಟಿ ಹಂಚಿನ ಮಸಿ ಎಂದುಕೊಂಡೆ.

ನನ್ನ ತೊಂದರೆ ಇದ್ದದ್ದು ಮಸೆಯುವುದರಲ್ಲಿ ಎಂದು ಅಟೆಂಡರು ಕೊನೆಗೂ ಬಾಯಿ ಬಿಟ್ಟರು. ಚಕ್ರದಿಂದ ಇಳಿದ ಅಲಗು ಗರಗಸದಂತೆ ಒರಟಾಗಿರುತ್ತದೆ, ಕಲ್ಲಿನ ಮೇಲೆ ಎಣ್ಣೆ ಬಿಟ್ಟು ಅಲುಗಾಡದ ಕೈಯಲ್ಲಿ ತಿಕ್ಕಿದರೇ ಅದು ನುಣುಪಾಗುವುದು. ನನ್ನ ಕೈ ತೊಟ್ಟಿಲ ಹಾಗೆ ತೂಗುತ್ತಿತ್ತು, ಅಲಗು ದುಂಡಾಗುತ್ತಿತ್ತು. ಮನೆಯಲ್ಲೂ ಅಭ್ಯಾಸ ಮಾಡಬೇಕೆಂದು ಅವ್ವನ ಖಾರ ಅರೆಯುವ ಕಲ್ಲನ್ನು ಹಿಡಿದೆ. ಎರಡು ದಿನದ ನಂತರ ಊಟಕ್ಕೆ ಕೂತಾಗ ಅವ್ವ ಚಟ್ನಿ ಮೂಸಿ ನೋಡಿ, ಇದಕ್ಕೆ ಮೋಟಾರ್ ಸೈಕಲ್ ವಾಸನೆ ಯಾಕೆ ಬರುತ್ತದೆ ಎಂದರು. ಸತ್ಯ ತಿಳಿದ ಮೇಲೆ, ಆ ಹುಡುಗಿ ಬರುವುದಕ್ಕೆ ಮೊದಲೇ ಮನೆಯ ಕಲ್ಲು ಕೆಡಿಸಿದಳು ಎಂದು ಓಣಿಯ ತುಂಬ ಹೇಳಿಕೊಂಡು ಬಂದರು. ಐದನೆಯ ರವಿವಾರದ ಟೂಲು ಆ ಕಲ್ಲಿನಲ್ಲಿ ತಯಾರಾದದ್ದು. ಅದರ ಬಗ್ಗೆ ಇಷ್ಟು ಹೇಳಿದರೆ ಸಾಕು, ಮಿಸ್ತ್ರಿ ಅದನ್ನು ಲೇತಿಗೆ ಹಾಕಲೂ ಇಲ್ಲ.

ಆರನೆಯ ರವಿವಾರ ಹೋಗುವಾಗ ನನ್ನ ಧೈರ್ಯ ಕುಂದಿತ್ತು. ಹಿಂದಿನ ದಿನ ಸೋದರಮಾವ ಫೋನ್ ಮಾಡಿ, ಕಾಗವಾಡದವರಿಗೆ ಬರುತ್ತೇವೆಂದು ಮಾತು ಕೊಟ್ಟಿದ್ದೇನೆ ಎಂದು ಗುಡುಗಿದ್ದರು. ಮಿಸ್ತ್ರಿ ಎಂದಿನಂತೆ ಟೂಲು ಒಳಗೆ ಒಯ್ದರು. ಈ ಸಲ ಬರಿಗೈಯಲ್ಲಿ ಹೊರಬಂದು, ಇರಲಿ, ಮೊದಲು ಚಹಾ ಕುಡಿಯೋಣ ಎಂದರು. ಕುಡಿದೆವು. ಒಳಗಿನಿಂದ ಸರ್ ಸರ್ ಎಂದು ಏನನ್ನೋ ತುರಿಯುವ ಸದ್ದು ಬರುತ್ತಿತ್ತು. ಒಣಕೊಬ್ಬರಿ ತುರಿಯುತ್ತಿದ್ದಾರೆ, ಏನೋ ಸಿಹಿ ಇರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವರು ಒಳಗೆ ಹೋಗಿ ಟೂಲು ತಂದು ಲೇತಿಗೆ ಬಿಗಿದರು. ಶಾಫ್ಟು ತಿರುಗಿತು. ಕಿರುಚಾಟವಿಲ್ಲ, ನಡುಕವಿಲ್ಲ. ಬೆಳ್ಳಿ ಬಣ್ಣದ ಉದ್ದ ಸುರುಳಿಯೊಂದು ಟೂಲಿನ ಬಾಯಿಂದ ಬಿಚ್ಚಿಕೊಳ್ಳುತ್ತ ನೆಲಕ್ಕಿಳಿಯಿತು. ಮಿಸ್ತ್ರಿ ಯಂತ್ರ ನಿಲ್ಲಿಸಿ, ಹೊಳೆಯುವ ಆ ಮೈಮೇಲೆ ಹೆಬ್ಬೆರಳು ಓಡಿಸಿದರು.

"ಆತ್ರಿ ಮಾಸ್ತರ್ರ. ಯಾದಿ ಬರಿಯೂಣು."

ಸಿಹಿ ಏನೂ ಬರಲಿಲ್ಲ, ಆದರೆ ನನಗೆ ಅದರ ಪರಿವೆಯಿರಲಿಲ್ಲ. ಸೋದರಮಾವ ಕಾಗವಾಡದವರಿಗೆ ಏನು ಹೇಳಿದರೋ, ಮುಂದೆ ಹಲವು ವರ್ಷ ಅವರು ಆ ಊರಿನ ಮೇಲೆ ಹಾದುಹೋಗುವ ಬಸ್ಸು ಹತ್ತುತ್ತಿರಲಿಲ್ಲ.

ಮದುವೆಯಾದ ವಾರದಲ್ಲಿ ಹೆಂಡತಿ ನನಗೆ ಒಂದು ಗುಟ್ಟು ಹೇಳಿದಳು. ಮಿಸ್ತ್ರಿಗೆ, ಅಂದರೆ ಈಗ ನನ್ನ ಮಾವನಿಗೆ, ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ ಬಂದು ಎರಡು ವರ್ಷವಾಗಿತ್ತು. ಅಳತೆಯನ್ನು ಭೂತಗನ್ನಡಿ ಹಿಡಿದು ಹೇಗೋ ಓದುತ್ತಿದ್ದರು, ಶಾಫ್ಟು ನುಣುಪಾಯಿತೋ ಇಲ್ಲವೋ ಎಂದು ಬೆರಳಿನಿಂದ ತಿಳಿಯುತ್ತಿದ್ದರು. ಟೂಲಿನ ಅಲಗು ಮಾತ್ರ ಕಾಣುತ್ತಿರಲಿಲ್ಲ. ಆಪರೇಷನ್ ಎಂದರೆ ಜೀವಭಯ. ಮಿಸ್ತ್ರಿಗೆ ಕಣ್ಣಿಲ್ಲ ಎಂದು ಗೊತ್ತಾದರೆ ಕಬ್ಬಿನ ಗಾಣದವರು, ನದಿಯ ಪಂಪಿನವರು ಯಾರೂ ಅಂಗಡಿ ಹತ್ತುವುದಿಲ್ಲ ಎನ್ನುವ ಭಯ ಅದಕ್ಕಿಂತ ದೊಡ್ಡದು. ಹೀಗಾಗಿ ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತು ಇವಳೇ ಸಾಣೆ ಹಿಡಿದು, ಮಸೆದು ಇಡುತ್ತಿದ್ದಳು. ಬೆರಳ ಅಂಚಿನ ಆ ಕಪ್ಪು ಹಂಚಿನದಾಗಿರಲಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಐದು ರವಿವಾರ ನನ್ನನ್ನು ಫೇಲ್ ಮಾಡಿದವಳು ಇವಳೇ. ತಾನು ಗಂಡನ ಮನೆಗೆ ಹೋದ ಮೇಲೆ ಅಪ್ಪನ ಟೂಲಿಗೆ ಕೈ ಬೇಕಲ್ಲ, ಅದಕ್ಕೇ ಟೂಲಿಗೆ ಸಾಣೆ ಹಿಡಿಯಬಲ್ಲವನನ್ನೇ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಳಂತೆ. ಕೇಳಿ ನನಗೆ ಸಿಟ್ಟು ಬರಲಿಲ್ಲ. ಇಂಥ ಪರೀಕ್ಷೆಯಲ್ಲಿ ಪಾಸಾದ ಗರ್ವವೇ ಬಂತು.

ಆಮೇಲೆ ಐದು ವರ್ಷ ನಡೆದದ್ದು ಹೀಗೆ. ಶನಿವಾರ ಮಧ್ಯಾಹ್ನ ನಾನು ಐಟಿಐಯಲ್ಲಿ ಮಾವನ ಟೂಲುಗಳಿಗೆ ಸಾಣೆ ಹಿಡಿದು, ಮಸೆದು ತರುವುದು. ತರ್ರಿ ಇಲ್ಲಿ, ಒಂದು ಕೈ ನೋಡ್ತೀನಿ ಎಂದು ಹೆಂಡತಿ ಅವನ್ನು ಕಲ್ಲಿನ ಮೇಲೆ ಎರಡು ಸಲ ಆಡಿಸುವುದು. ತವರಿಗೆ ಹೋಗುವ ವಸ್ತು, ಮುಟ್ಟಿ ಕಳಿಸುವ ಆಸೆ ಎಂದು ನಾನು ಬಿಟ್ಟಿದ್ದೆ. ರವಿವಾರ ಒಯ್ದು ಕೊಡುವುದು. ಪ್ರತಿ ವರ್ಷ ಹೊಸ ಬ್ಯಾಚು ಬಂದಾಗ, ಬೋರ್ಡಿನ ಮೇಲೆ ಮೂರು ಬಣ್ಣದಲ್ಲಿ ಚಿತ್ರ ಬರೆದು, ಈ ಟೂಲಿನಿಂದಲೇ ನಾನು ಹೆಂಡತಿಯನ್ನು ಗೆದ್ದೆ ಎಂದು ಆರು ರವಿವಾರದ ಕಥೆ ಹೇಳುತ್ತಿದ್ದೆ. ಅಟೆಂಡರು ರಿಟೈರ್ ಆಗುವವರೆಗೂ ಈ ಕಥೆ ಬಂದಾಗ ಎದ್ದು ಹೊರಗೆ ಹೋಗುತ್ತಿದ್ದರು.

ಕೊನೆಗೆ ಮಾವ ಆಪರೇಷನ್ನಿಗೆ ಒಪ್ಪಿದರು. ಮಿರಜಿನಲ್ಲಿ ಮೊದಲು ಒಂದು ಕಣ್ಣು, ಎಂಟು ದಿನಕ್ಕೆ ಇನ್ನೊಂದು. ಎರಡನೆಯ ಸಲ ಹೆಂಡತಿ ಅವರ ಜೊತೆ ಹೋಗಿ, ಹದಿನೈದು ದಿನ ಕುಡಚಿಯಲ್ಲೇ ಉಳಿದಳು. ಹಾಗಾಗಿ ಆ ನಡುವಿನ ರವಿವಾರದ ನಾಲ್ಕು ಟೂಲುಗಳನ್ನು ನಾನು ನೇರವಾಗಿ ಐಟಿಐಯಿಂದಲೇ ಒಯ್ದೆ.

ಮಾವ ಅಂಗಡಿಯ ಹೊಸ್ತಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಕಪ್ಪು ಕನ್ನಡಕ ಹಣೆಗೇರಿಸಿ, ನನ್ನ ಟೂಲೊಂದನ್ನು ಎತ್ತಿ ಬಿಸಿಲಿಗೆ ಹಿಡಿದರು. ಏಳು ವರ್ಷದಲ್ಲಿ ಅವರು ಒಂದು ಅಲಗನ್ನು ಸರಿಯಾಗಿ ನೋಡುತ್ತಿದ್ದುದು ಅದೇ ಮೊದಲು. ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಎದೆ ಉಬ್ಬಿತ್ತು.

"ಇದನ್ನ ಯಾರ ಮಸದಾರ?"

"ನಾನ್ರಿ ಮಾವಾರ."

ಎರಡನೆಯದು, ಮೂರನೆಯದು, ನಾಲ್ಕನೆಯದೂ ನೋಡಿದರು. ಆಮೇಲೆ ಹಳೆಯ ತಟ್ಟೆಯಿಂದ ಹಿಂದಿನ ತಿಂಗಳ ಒಂದನ್ನು ತೆಗೆದು ಪಕ್ಕಕ್ಕಿಟ್ಟು ಹೋಲಿಸಿದರು. ಮಗಳನ್ನು ಕರೆದರು. ಇಂಥ ಟೂಲು ಹಚ್ಚಿಕೊಂಡು ನಾನು ಐದು ವರ್ಷ ದುಡಿದೆನೇನು ಎಂದು ಕೇಳಿದರು. ಇಲ್ಲ, ಪ್ರತಿ ವಾರ ನಾನು ಸುಧಾರಿಸಿ ಕಳಿಸುತ್ತಿದ್ದೆ ಎಂದಳು ಅವಳು, ನನ್ನ ಕಡೆ ನೋಡದೆ. ಮಾವ ಹಳೆಯ ಟೂಲನ್ನು ತಟ್ಟೆಗೆ ಹಾಕಿದರು.

"ಹಂಗಾರ ಆವತ್ತ? ಆರನೇ ಐತ್ವಾರ? ಒಳಗ ಕಲ್ಲಿನ ಸಪ್ಪಳಾ ಕೇಳಿತ್ತ, ನಮ್ಮ ಟೂಲ್ ಮಸ್ಯಾಕತ್ತೀ ಅಂದಕೊಂಡಿದ್ನಿ."

"ಅದನ್ನೂ ನಾನ ಮಸದಿದ್ನಿ, ಅಪ್ಪಾ."

ನನಗೆ ಕೊಬ್ಬರಿ ತುರಿಯುವ ಸದ್ದು ಕಿವಿಯಲ್ಲಿ ಕೇಳಿತು. ಐದು ಬ್ಯಾಚಿನ ಹುಡುಗರ ಮುಖಗಳು ಕಣ್ಣ ಮುಂದೆ ಸಾಲಾಗಿ ಬಂದವು. ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಅಪ್ಪನಿಗಾಗಿ ಷರತ್ತು ಹಾಕಿದವಳು ಇವಳೇ, ಮುರಿದವಳೂ ಇವಳೇ. ನನ್ನ ಕೈಯಿಂದ ಆಗುವುದಿಲ್ಲ ಎಂದು ತಿಳಿದೇ ನನ್ನನ್ನು ಕಟ್ಟಿಕೊಂಡು, ಐದು ವರ್ಷ ಪ್ರತಿ ಶನಿವಾರ ಅದರ ದಂಡ ತೆತ್ತಿದ್ದಳು.

ಯಾಕೆ ಹಾಗೆ ಮಾಡಿದೆ ಎಂದು ಮಾವ ಕೇಳಿದರು.

"ಆರ ಐತ್ವಾರ ಬಸ್ಸಿನಾಗ ಬಂದಿದ್ರು. ಅವರ ಮಾಮಾ ಕಾಗವಾಡದ ಹುಡುಗಿ ನೋಡಾಕ ನಡದಾರಂತ ಸುದ್ದಿ ಬಂದಿತ್ತು. ಏಳನೇದಕ್ಕ ಬರದಿದ್ರ ಏನ ಮಾಡ್ಲಿ?"

"ಬರ್ತಿದ್ನಿ" ಎಂದೆ. ಮಾವನ ಎದುರಿಗೆ ಹೆಂಡತಿಯ ಜೊತೆ ಅಷ್ಟು ನೇರವಾಗಿ ನಾನು ಅಲ್ಲಿಯವರೆಗೆ ಮಾತಾಡಿರಲಿಲ್ಲ. ನನ್ನ ದನಿ ನನಗೇ ಬೇರೆಯಾಗಿ ಕೇಳಿತು.

"ಅದು ನನಗ ಹ್ಯಾಂಗ ಗೊತ್ತಾಗಬೇಕು?" ಎಂದಳು. ಅವಳ ಕಣ್ಣುಗಳು ತುಂಬಿದ್ದವು.

ಮಾವ ಕೆಮ್ಮಿ, ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ಎದ್ದರು. ನನ್ನ ನಾಲ್ಕು ಟೂಲುಗಳನ್ನು ಎತ್ತಿಕೊಂಡು ಗ್ರೈಂಡರಿನ ಹತ್ತಿರ ಹೋಗಿ ಅದನ್ನು ಚಾಲೂ ಮಾಡಿದರು. ಯಾವ ಟೂಲನ್ನೂ ಚಕ್ರಕ್ಕೆ ಹಿಡಿಯಲಿಲ್ಲ. ನಮ್ಮಿಬ್ಬರ ಮಾತು ತಮಗೆ ಕೇಳಬಾರದೆಂದು ಬೆನ್ನು ತಿರುಗಿಸಿ, ಆ ಗದ್ದಲದ ಮುಂದೆ ಸುಮ್ಮನೆ ನಿಂತಿದ್ದರು.